ಕಣ್ಣಿಗೆ ಲೇಸರ್ ಅಂದರೆ ಗಾಬರಿ ಬೇಡ, ಉದಾಸೀನವೂ ಬೇಡ

‘ನಿಮ್ಮ ಕಣ್ಣಿನಲ್ಲಿ ಪ್ರೆಷರ್ ಜಾಸ್ತಿ ಇದೆ, ಲೇಸರ್ ಮಾಡಬೇಕಾಗುತ್ತೆ’. ಕನ್ನಡಕದ ನಂಬರ್ ಬದಲಾಗಿದೆಯೇನೋ, ತೋರಿಸಿಕೊಂಡು ಬರೋಣ ಎಂದು ಹೋದ ನಿಮಗೆ ಡಾಕ್ಟರ್ ಹೀಗೆಂದರೆ ಎದೆ ಧಸಕ್ಕೆನ್ನುತ್ತದೆ ಅಲ್ಲವೇ? ಕಣ್ಣು ನೋಯುತ್ತಿಲ್ಲ, ಕೆಂಪಾಗಿಲ್ಲ, ದೂರದ ಬಸ್ಸಿನ ಬೋರ್ಡೂ ಕಾಣುತ್ತದೆ. ಮತ್ತೆ ಇದೆಂಥ ಲೇಸರ್? ಮನೆಗೆ ಬಂದು ಹೇಳಿದರೆ ತಲೆಗೊಂದು ಮಾತು. ‘ನಮ್ಮ ಎದುರು ಮನೆ ಹುಡುಗಿ ಮದುವೆಗೆ ಮುಂಚೆ ಲೇಸರ್ ಮಾಡಿಸಿಕೊಂಡಳು, ಕನ್ನಡಕವೇ ಹೋಯ್ತು’ ಎಂದು ಒಬ್ಬರು. ‘ಅಯ್ಯೋ, ನಮ್ಮ ಮಾವನವರಿಗೆ ಲೇಸರ್ ಆದ ಮೇಲೂ ಕಣ್ಣೇನೂ ಚೆನ್ನಾಗಿ ಕಾಣಲಿಲ್ಲ’ ಎಂದು ಇನ್ನೊಬ್ಬರು. ಇಬ್ಬರೂ ಹೇಳುವುದು ನಿಜವೇ ಇರಬಹುದು. ಆದರೆ ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ಲೇಸರ್ ಬಗ್ಗೆ.

ಕಣ್ಣಾಸ್ಪತ್ರೆಯಲ್ಲಿ ಲೇಸರ್ ಎಂದರೆ ಅಡುಗೆಮನೆಯಲ್ಲಿ ಚಾಕು ಇದ್ದ ಹಾಗೆ. ಕೆಲಸಕ್ಕೊಂದು ಬಗೆ. ಕನ್ನಡಕ ಬಿಡಿಸಲು ಮಾಡುವುದು ಲ್ಯಾಸಿಕ್. ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂದಿನ ಪರದೆಗೆ, ಅಂದರೆ ರೆಟಿನಾಕ್ಕೆ ಮಾಡುವುದು ಇನ್ನೊಂದು. ಪೊರೆ ಆಪರೇಷನ್ ಆಗಿ ಒಂದೆರಡು ವರ್ಷದ ಮೇಲೆ ಲೆನ್ಸಿನ ಹಿಂಬದಿಯ ಪದರ ಮಸುಕಾದರೆ ಅದನ್ನು ಬಿಡಿಸುವುದು ಮತ್ತೊಂದು. ಗ್ಲಾಕೋಮಾಕ್ಕೆ ಮಾಡುವ ಲೇಸರ್ ಇವು ಯಾವುವೂ ಅಲ್ಲ. ಇದರಿಂದ ದೃಷ್ಟಿ ಹೆಚ್ಚುವುದಿಲ್ಲ. ಇರುವ ದೃಷ್ಟಿ ಇದ್ದ ಹಾಗೇ ಉಳಿಯಲಿ ಅಂತ ಮಾಡುವುದು. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಆಮೇಲೆ ‘ದುಡ್ಡು ದಂಡ ಆಯ್ತು’ ಎಂಬ ಬೇಸರ ಇರುವುದಿಲ್ಲ.

ಬಚ್ಚಲ ಜಾಲರಿ ಕಟ್ಟಿಕೊಂಡ ಹಾಗೆ

ಗ್ಲಾಕೋಮಾ ಅಂದರೇನು? ನಮ್ಮ ಕಣ್ಣಿನ ಒಳಗೆ ಸದಾ ಒಂದು ತಿಳಿನೀರು ಹುಟ್ಟುತ್ತಿರುತ್ತದೆ. ಅಳುವಾಗ ಬರುವ ಕಣ್ಣೀರಲ್ಲ, ಇದು ಬೇರೆ. ಕಣ್ಣಿನ ಕಪ್ಪು-ಕಂದು ಬಣ್ಣದ ಪರದೆಯ (ಇದಕ್ಕೆ ಐರಿಸ್ ಎನ್ನುತ್ತಾರೆ) ಹಿಂದೆ ಹುಟ್ಟಿ, ನಡುವಿನ ಪಾಪೆಯ ತೂತಿನಿಂದ ಮುಂದಕ್ಕೆ ಬಂದು, ಅಂಚಿನಲ್ಲಿರುವ ಸಣ್ಣ ಜಾಲರಿಯ ಮೂಲಕ ಹೊರಗೆ ಹರಿದುಹೋಗುತ್ತದೆ. ಹುಟ್ಟುವಷ್ಟೇ ಹೊರಗೆ ಹೋಗುತ್ತಿದ್ದರೆ ಕಣ್ಣಿನ ಒತ್ತಡ ಸರಿಯಾಗಿರುತ್ತದೆ. ಸಾಮಾನ್ಯವಾಗಿ ಇದು 10ರಿಂದ 21 ಮಿ.ಮೀ. ಪಾದರಸದ ನಡುವೆ. ನೀರು ಸರಾಗವಾಗಿ ಹೊರಹೋಗದಿದ್ದರೆ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಸಿಕ್ಕಿ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ನಿಧಾನವಾಗಿ ಸವೆಯುತ್ತದೆ. ಕೆಲವರಿಗೆ ಒತ್ತಡ 21ರ ಒಳಗಿದ್ದರೂ ನರ ಸವೆಯುವುದುಂಟು. ಆದ್ದರಿಂದ ‘ಪ್ರೆಷರ್ ನಾರ್ಮಲ್, ಏನೂ ಇಲ್ಲ’ ಎಂದು ಒಂದು ನಂಬರ್ ನೋಡಿ ನಿಶ್ಚಿಂತೆಯಾಗುವಂತಿಲ್ಲ. ನರವನ್ನೂ ನೋಡಬೇಕು.

ಇದಕ್ಕೂ ಬಿಪಿಗೂ ತಳಕು ಹಾಕಬೇಡಿ. ‘ನನಗೆ ಬಿಪಿ ಇಲ್ಲ, ಕಣ್ಣಿಗೆಲ್ಲಿಂದ ಬಂತು ಪ್ರೆಷರ್?’ ಎಂದು ಕೇಳುವವರು ಬಹಳ. ಬಿಪಿ ಮಾತ್ರೆ ನುಂಗಿದರೆ ಕಣ್ಣಿನ ಒತ್ತಡ ಇಳಿದುಬಿಡುತ್ತದೆ ಅಂತಲೂ ಅಲ್ಲ. ತೋಳಿಗೆ ಪಟ್ಟಿ ಸುತ್ತಿ ನೋಡುವುದು ಬೇರೆ, ಕಣ್ಣಿನ ಒತ್ತಡ ಅಳೆಯುವ ಯಂತ್ರವೇ ಬೇರೆ.

ನೀರು ಹೋಗುವ ದಾರಿ ಕೆಡುವುದು ಎರಡು ರೀತಿಯಲ್ಲಿ. ಗೃಹಿಣಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಬಚ್ಚಲುಮನೆಯ ಜಾಲರಿ ಇದೆಯಲ್ಲ, ಅದು ಜಿಡ್ಡು, ಕೂದಲು ಸೇರಿ ಒಳಗೊಳಗೇ ಕಟ್ಟಿಕೊಳ್ಳಬಹುದು. ನೀರು ಹೋಗುತ್ತಲೇ ಇರುತ್ತದೆ, ಆದರೆ ನಿಧಾನ. ಇದು ‘ಓಪನ್ ಆಂಗಲ್’ ಗ್ಲಾಕೋಮಾ. ಇನ್ನೊಂದು, ಜಾಲರಿ ಚೆನ್ನಾಗಿಯೇ ಇದೆ, ಆದರೆ ಒಗೆಯಲು ಹಾಕಿದ ಟವೆಲ್ಲೋ ಲಂಗವೋ ಜಾರಿ ಬಂದು ಅದರ ಮೇಲೆ ಕೂತುಬಿಟ್ಟಿತು. ನೀರು ನಿಂತೇಬಿಡುತ್ತದೆ. ಇದು ‘ಆಂಗಲ್ ಕ್ಲೋಷರ್’. ಇಲ್ಲಿ ಟವೆಲ್ಲಿನ ಕೆಲಸ ಮಾಡುವುದು ಐರಿಸ್ ಎಂಬ ಪರದೆ. ಎರಡಕ್ಕೂ ಲೇಸರ್ ಇದೆ. ಆದರೆ ಎರಡೂ ಬೇರೆ ಬೇರೆ. ನಿಮಗೆ ಹೇಳಿರುವುದು ಯಾವುದು ಅಂತ ಕೇಳಿ ತಿಳಿದುಕೊಳ್ಳುವುದೇ ಮೊದಲ ಕೆಲಸ. ಫೈಲ್ ಮೇಲೆ ‘ಪಿಐ’ ಅಥವಾ ‘ಐರಿಡಾಟಮಿ’ ಎಂದಿದ್ದರೆ ಅದು ಮುಚ್ಚಿಕೊಂಡ ದಾರಿಗೆ. ‘ಎಸ್‌ಎಲ್‌ಟಿ’ ಎಂದಿದ್ದರೆ ಜಿಡ್ಡುಗಟ್ಟಿದ ಜಾಲರಿಗೆ.

ಹೆಂಗಸರು ಓದಲೇಬೇಕಾದ್ದು

ದಾರಿ ಮುಚ್ಚಿಕೊಳ್ಳುವ ಗ್ಲಾಕೋಮಾ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಯುರೋಪಿನವರಿಗಿಂತ ನಮ್ಮ ಏಷ್ಯಾದವರಲ್ಲಿ ಹೆಚ್ಚು. ವಯಸ್ಸು 40 ದಾಟಿದ ಮೇಲೆ ಹೆಚ್ಚು. ಪ್ಲಸ್ ನಂಬರಿನ ಕನ್ನಡಕದವರಿಗೆ, ಅಂದರೆ ಕಣ್ಣುಗುಡ್ಡೆ ಸ್ವಲ್ಪ ಚಿಕ್ಕದಿರುವವರಿಗೆ ಇನ್ನೂ ಹೆಚ್ಚು. (ಇದು ನಲವತ್ತಾದ ಮೇಲೆ ಎಲ್ಲರಿಗೂ ಬರುವ ಓದುವ ಕನ್ನಡಕದ ಮಾತಲ್ಲ. ದೂರ ನೋಡಲೂ ಪ್ಲಸ್ ಬೇಕಾದವರ ಮಾತು.) ಕಾರಣ ಸರಳ. ಚಿಕ್ಕ ಕಣ್ಣಿನೊಳಗೆ ಜಾಗ ಕಡಿಮೆ. ವಯಸ್ಸಾದಂತೆ ಒಳಗಿನ ಲೆನ್ಸ್ ದಪ್ಪವಾಗಿ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. ನೀರು ಪಾಪೆಯ ತೂತಿನಿಂದ ಮುಂದೆ ಬರಲಾರದೆ ಪರದೆಯ ಹಿಂದೆಯೇ ತುಂಬಿಕೊಂಡು, ಗಾಳಿ ಹಿಡಿದ ಕರ್ಟನ್ ಥರ ಅದನ್ನು ಉಬ್ಬಿಸಿ ಜಾಲರಿಗೆ ಅಂಟಿಸಿಬಿಡುತ್ತದೆ.

ಬಹುಪಾಲು ಜನರಲ್ಲಿ ಇದೂ ಸದ್ದಿಲ್ಲದೆ ನಡೆಯುತ್ತದೆ. ಆದರೆ ಕೆಲವರಿಗೆ ಇದ್ದಕ್ಕಿದ್ದಂತೆ, ಕೆಲವೇ ಗಂಟೆಗಳಲ್ಲಿ ಒತ್ತಡ ವಿಪರೀತ ಏರುತ್ತದೆ. ಒಂದು ಬದಿ ಸಿಡಿಯುವ ತಲೆನೋವು, ಕಣ್ಣು ಕೆಂಪು, ದೃಷ್ಟಿ ಮಂಜು, ದೀಪ ನೋಡಿದರೆ ಸುತ್ತ ಕಾಮನಬಿಲ್ಲಿನ ಹಾಗೆ ಬಣ್ಣದ ಬಳೆ, ಜೊತೆಗೆ ವಾಂತಿ. ಹೆಚ್ಚಾಗಿ ಮಬ್ಬು ಬೆಳಕಿನಲ್ಲಿ, ಸಂಜೆ ಹೊತ್ತು, ಸಿನಿಮಾ ಥಿಯೇಟರಿನಲ್ಲಿ ಶುರುವಾಗುತ್ತದೆ. ಕತ್ತಲೆಗೆ ಪಾಪೆ ಅರಳಿ ಪರದೆ ಅಂಚಿಗೆ ಸರಿಯುವುದೇ ಕಾರಣ.

ವಾಂತಿ, ತಲೆನೋವು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏನನ್ನುತ್ತಾರೆ? ‘ಪಿತ್ತ’. ನನ್ನ ದೊಡ್ಡಮ್ಮನಿಗೆ ಆದದ್ದೂ ಅದೇ. 2011ರಲ್ಲಿ ಶಿವಮೊಗ್ಗ ಕಡೆಯ ಒಂದು ಮದುವೆಮನೆ. ವರಪೂಜೆಯ ಸಂಜೆ ಅವರಿಗೆ ಬಲಗಡೆ ತಲೆ ಸಿಡಿಯಲು ಶುರುವಾಯಿತು, ಎರಡು ಸಲ ವಾಂತಿ. ‘ಹೊತ್ತಿಗೆ ಸರಿಯಾಗಿ ಉಂಡಿಲ್ಲ, ಪಿತ್ತ ಕೆರಳಿದೆ’ ಎಂದು ನಿಂಬೆಹಣ್ಣಿನ ಶರಬತ್ತು ಕೊಟ್ಟು, ಹಣೆಗೆ ಮುಲಾಮು ತಿಕ್ಕಿ, ಛತ್ರದ ಮೂಲೆಯ ಕೋಣೆಯಲ್ಲಿ ದೀಪ ಆರಿಸಿ ಮಲಗಿಸಿದರು. ಮರುದಿನ ಹತ್ತಿರದ ಡಾಕ್ಟರೊಬ್ಬರು ಬಂದು ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು ಹೋದರು. ಕಣ್ಣು ಕೆಂಪಗಿದ್ದುದನ್ನು ಎಲ್ಲರೂ ನೋಡಿದ್ದರು, ನಿದ್ದೆಗೆಟ್ಟದ್ದಕ್ಕೆ ಅಂದುಕೊಂಡರು. ಅವರಾದರೂ ಮದುವೆಮನೆಯಲ್ಲಿ ತನ್ನಿಂದ ರಗಳೆ ಬೇಡ ಎಂದು ಸುಮ್ಮನೆ ನರಳುತ್ತಾ ಮಲಗಿದ್ದರು. ಮೂರನೆಯ ದಿನ ಮುಖ ತೊಳೆಯುವಾಗ ಎಡಗಣ್ಣಿಗೆ ಸೋಪು ಹೋಗಿ ಅದನ್ನು ಮುಚ್ಚಿದರಂತೆ. ಎದುರಿನ ಕನ್ನಡಿ ಕಾಣಲಿಲ್ಲ.

ಕಣ್ಣಾಸ್ಪತ್ರೆಯಲ್ಲಿ ಒತ್ತಡ ಇಳಿಸಿದರು. ಆದರೆ ಬಲಗಣ್ಣಿನ ನರ ಅಷ್ಟರಲ್ಲಿ ಹೋಗಿತ್ತು. ಈಗ ಆ ಕಣ್ಣಿಗೆ ಬೆಳಕು ಇದೆಯೋ ಇಲ್ಲವೋ ಅಷ್ಟು ಮಾತ್ರ ತಿಳಿಯುತ್ತದೆ. ಅದೇ ವಾರ ಎಡಗಣ್ಣಿಗೆ ಲೇಸರ್ ಮಾಡಿದರು. ಒಂದು ಕಣ್ಣಿಗೆ ಹೀಗಾದವರ ಇನ್ನೊಂದು ಕಣ್ಣೂ ಅದೇ ಅಳತೆಯದು, ಅದೇ ಅಪಾಯದ್ದು. ಆದ್ದರಿಂದ ಅದಕ್ಕೆ ಮುಂಚಿತವಾಗಿಯೇ ಲೇಸರ್ ಮಾಡುವುದು ಎಲ್ಲ ಕಡೆ ಇರುವ ಪದ್ಧತಿ. ಇವತ್ತಿಗೂ ದೊಡ್ಡಮ್ಮ ಆ ಒಂದು ಕಣ್ಣಿನಲ್ಲೇ ಸೇವಂತಿಗೆ ಕಟ್ಟುತ್ತಾರೆ, ಅಕ್ಕಿ ಆರಿಸುತ್ತಾರೆ, ಧಾರಾವಾಹಿ ನೋಡುತ್ತಾರೆ. ಮೆಟ್ಟಿಲು ಇಳಿಯುವಾಗ ಮಾತ್ರ ಗೋಡೆ ಹಿಡಿಯುತ್ತಾರೆ.

ಆದ್ದರಿಂದ ಮನೆಯಲ್ಲಿ ಯಾರಿಗೇ ಆಗಲಿ, ತಲೆನೋವು, ವಾಂತಿಯ ಜೊತೆ ಕಣ್ಣು ಕೆಂಪಾಗಿ ಮಂಜಾಗಿದ್ದರೆ, ಒಂದೊಂದೇ ಕಣ್ಣು ಮುಚ್ಚಿಸಿ ‘ಕಾಣುತ್ತಾ?’ ಅಂತ ಕೇಳಿ. ಕಾಣದಿದ್ದರೆ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಕಣ್ಣಿನ ಡಾಕ್ಟರ್ ಇರುವ ಆಸ್ಪತ್ರೆಗೆ ಹೊರಡಿ. ಅಲ್ಲಿ ಮೊದಲು ಮಾತ್ರೆ, ಡ್ರಾಪ್ಸ್, ಬೇಕಾದರೆ ಡ್ರಿಪ್ ಕೊಟ್ಟು ಒತ್ತಡ ಇಳಿಸುತ್ತಾರೆ. ಕಣ್ಣಿನ ಮುಂಭಾಗ ತಿಳಿಯಾದ ಮೇಲೆ ಲೇಸರ್.

ಲೇಸರ್ ಕೋಣೆಯಲ್ಲಿ ಏನಾಗುತ್ತದೆ?

ಮೊದಲು ಐರಿಡಾಟಮಿ. ಹೆಸರು ದೊಡ್ಡದು, ಕೆಲಸ ಚಿಕ್ಕದು. ಬಣ್ಣದ ಪರದೆಯ ಅಂಚಿನಲ್ಲಿ ಲೇಸರ್‌ನಿಂದ ಸೂಜಿಮೊನೆಯಂಥ ಒಂದು ರಂಧ್ರ ಮಾಡುತ್ತಾರೆ, ಅಷ್ಟೇ. ಹಿಂದೆ ಕಟ್ಟಿಕೊಂಡಿದ್ದ ನೀರು ಆ ಅಡ್ಡದಾರಿಯಿಂದ ಮುಂದೆ ಬರುತ್ತದೆ, ಉಬ್ಬಿದ ಪರದೆ ಹಿಂದಕ್ಕೆ ಸರಿಯುತ್ತದೆ, ಜಾಲರಿ ತೆರೆದುಕೊಳ್ಳುತ್ತದೆ. ಈ ರಂಧ್ರ ಮಾಡುವ ಉಪಾಯ ಹೊಸದೇನಲ್ಲ. ಜರ್ಮನಿಯ ವೈದ್ಯ ಫಾನ್ ಗ್ರಾಫೆ 1857ರಲ್ಲೇ ಪರದೆಯ ತುಣುಕೊಂದನ್ನು ಕತ್ತರಿಸಿ ತೆಗೆದು ಗ್ಲಾಕೋಮಾ ಇಳಿಸಬಹುದೆಂದು ತೋರಿಸಿದ್ದರು. ಆಗ ಕಣ್ಣು ಕೊಯ್ಯಬೇಕಿತ್ತು. ಈಗ ಕುರ್ಚಿಯಲ್ಲಿ ಕೂತಲ್ಲೇ ಆಗುತ್ತದೆ.

ಮೊದಲೇ ಒಂದು ಡ್ರಾಪ್ಸ್ ಹಾಕಿ ಪಾಪೆಯನ್ನು ಕಿರಿದು ಮಾಡುತ್ತಾರೆ. ಇದಕ್ಕೆ ಹುಬ್ಬಿನ ಹತ್ತಿರ ಒಂಥರಾ ಎಳೆದಂತೆ ನೋಯುತ್ತದೆ, ಸ್ವಲ್ಪ ಹೊತ್ತು ಎಲ್ಲ ಮಬ್ಬಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಬಹಳ ಜನಕ್ಕೆ ಲೇಸರ್‌ಗಿಂತ ಈ ಡ್ರಾಪ್ಸೇ ಕಿರಿಕಿರಿ. ಆಮೇಲೆ ಮರಗಟ್ಟಿಸುವ ಡ್ರಾಪ್ಸ್. ಕಣ್ಣು ಪರೀಕ್ಷೆಗೆ ಗದ್ದ ಇಟ್ಟು ಕೂರುತ್ತೀರಲ್ಲ, ಅಂಥದೇ ಯಂತ್ರದ ಮುಂದೆ ಕೂರಿಸುತ್ತಾರೆ. ಕಣ್ಣಿಗೆ ಒಂದು ಲೆನ್ಸ್ ಒತ್ತಿ ಹಿಡಿಯುವುದರಿಂದ ರೆಪ್ಪೆ ಮುಚ್ಚಿಬಿಡುತ್ತೇನೋ ಎಂಬ ಭಯ ಬೇಡ. ಟಿಕ್ ಟಿಕ್ ಎಂಬ ಸದ್ದು, ಮಿಂಚಿದಂಥ ಬೆಳಕು, ಚುಚ್ಚಿದಂಥ ಸಣ್ಣ ನೋವು. ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಸೂಜಿ ಇಲ್ಲ, ಹೊಲಿಗೆ ಇಲ್ಲ, ಕಣ್ಣಿಗೆ ಪಟ್ಟಿ ಇಲ್ಲ. ಆದರೆ ಮುಗಿದ ಕೂಡಲೇ ಆಟೋ ಹತ್ತಿ ಬಂದುಬಿಡಬೇಡಿ. ಒಂದು ಗಂಟೆ ಕಾಯಿಸಿ ಮತ್ತೆ ಒತ್ತಡ ನೋಡುತ್ತಾರೆ. ಲೇಸರ್ ಆದ ತಕ್ಷಣ ಕೆಲವರಿಗೆ ಒತ್ತಡ ತಾತ್ಕಾಲಿಕವಾಗಿ ಏರುವುದುಂಟು, ಅದನ್ನು ಅಲ್ಲೇ ಹಿಡಿಯಬೇಕು.

ಎಸ್‌ಎಲ್‌ಟಿಯ ರೀತಿ ಬೇರೆ. ಇಲ್ಲಿ ರಂಧ್ರ ಮಾಡುವುದಿಲ್ಲ. ಹಸಿರು ಬಣ್ಣದ ಲೇಸರನ್ನು ಜಾಲರಿಯ ಸುತ್ತ ಸುಮಾರು ನೂರು ಚುಕ್ಕಿಗಳಾಗಿ ಹಾಯಿಸುತ್ತಾರೆ. ಜಾಲರಿಯಲ್ಲಿರುವ ಬಣ್ಣದ ಕಣಗಳಿದ್ದ ಜೀವಕೋಶಗಳಿಗೆ ಮಾತ್ರ ಅದು ತಟ್ಟುತ್ತದೆ. ದೇಹ ಅದನ್ನು ಶುಚಿಗೊಳಿಸಲು ಹೊರಟಾಗ ಜಾಲರಿ ಸಡಿಲಾಗಿ ನೀರು ಹರಿಯುತ್ತದೆ. 1979ರಿಂದ ಬಳಕೆಗೆ ಬಂದ ಹಳೆಯ ಆರ್ಗಾನ್ ಲೇಸರ್ ಜಾಲರಿಯನ್ನೇ ಅಲ್ಲಲ್ಲಿ ಸುಡುತ್ತಿತ್ತು, ಮತ್ತೆ ಮತ್ತೆ ಮಾಡುವಂತಿರಲಿಲ್ಲ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಪಡೆದ ಎಸ್‌ಎಲ್‌ಟಿ ಸುಡುವುದಿಲ್ಲ, ಬೇಕಾದರೆ ಇನ್ನೊಮ್ಮೆ ಮಾಡಬಹುದು. ಫಲ ಮಾತ್ರ ಮರುದಿನವೇ ಕಾಣುವುದಿಲ್ಲ. ಒಂದೂವರೆ, ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಹಾಕುತ್ತಿದ್ದ ಡ್ರಾಪ್ಸ್ ನಿಲ್ಲಿಸಬೇಡಿ. ಡಾಕ್ಟರ್ ನಿಲ್ಲಿಸಿ ಎಂದ ಮೇಲೆ ನಿಲ್ಲಿಸಿ.

‘ಡ್ರಾಪ್ಸ್ ಇದೆಯಲ್ಲ, ಲೇಸರ್ ಯಾಕೆ?’

ಒಳ್ಳೆಯ ಪ್ರಶ್ನೆ. ಬಹಳ ವರ್ಷ ಕಣ್ಣಿನ ಡಾಕ್ಟರುಗಳೂ ಹಾಗೇ ಎಂದುಕೊಂಡಿದ್ದರು. ಮೊದಲು ಡ್ರಾಪ್ಸ್, ಅದು ಕೈಕೊಟ್ಟರೆ ಲೇಸರ್, ಕೊನೆಗೆ ಆಪರೇಷನ್ ಎಂಬುದು ರೂಢಿ. ಬ್ರಿಟನ್ನಿನಲ್ಲಿ 718 ರೋಗಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ‘ಲೈಟ್’ ಎಂಬ ಅಧ್ಯಯನ ಇದನ್ನು ತಿರುಗಿಸಿತು. ಮೊದಲೇ ಎಸ್‌ಎಲ್‌ಟಿ ಮಾಡಿಸಿಕೊಂಡವರಲ್ಲಿ ಸುಮಾರು ಶೇ 74 ಮಂದಿಗೆ ಮೂರು ವರ್ಷದವರೆಗೂ ಡ್ರಾಪ್ಸೇ ಬೇಕಾಗಲಿಲ್ಲ. ಡ್ರಾಪ್ಸ್‌ನಿಂದ ಶುರು ಮಾಡಿದ ಗುಂಪಿನಲ್ಲಿ 11 ಮಂದಿಗೆ ಗ್ಲಾಕೋಮಾ ಆಪರೇಷನ್ ಆಯಿತು. ಲೇಸರ್ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. 2022ರಲ್ಲಿ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯೇ ಬದಲಾಗಿ, ಒತ್ತಡ 24 ಅಥವಾ ಅದಕ್ಕಿಂತ ಹೆಚ್ಚಿರುವ ಓಪನ್ ಆಂಗಲ್ ರೋಗಿಗಳಿಗೆ ಮೊದಲ ಚಿಕಿತ್ಸೆಯಾಗಿ ಎಸ್‌ಎಲ್‌ಟಿ ಹೇಳಬೇಕೆಂದಿತು.

ಹಾಗೆಂದು ಡ್ರಾಪ್ಸ್ ಕೆಟ್ಟದ್ದಲ್ಲ. ಆದರೆ ಡ್ರಾಪ್ಸ್ ಹಾಕುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತು. ಪ್ರತಿದಿನ, ಹೊತ್ತು ತಪ್ಪದೆ, ಜೀವನಪೂರ್ತಿ. ಕೈ ನಡುಗುವ ಅತ್ತೆ ಕಣ್ಣಿಗೆ ಹಾಕಲು ಹೋಗಿ ಕೆನ್ನೆಗೆ ಹಾಕಿಕೊಂಡಿರುತ್ತಾರೆ. ಸೊಸೆ ತವರಿಗೆ ಹೋದ ಹತ್ತು ದಿನ ಬಾಟಲಿ ಮುಟ್ಟಿಯೇ ಇರುವುದಿಲ್ಲ. ತಿಂಗಳಿಗೊಂದು ಬಾಟಲಿಯ ಖರ್ಚು ಬೇರೆ. ಉಬ್ಬಸ ಇರುವವರಿಗೆ ಟಿಮೊಲಾಲ್ ಎಂಬ ಡ್ರಾಪ್ಸ್ ಅಪಾಯ, ಉಸಿರಾಟವೇ ಕಟ್ಟಬಹುದು. ಆದ್ದರಿಂದ ಕಣ್ಣಿನ ಡಾಕ್ಟರಿಗೂ ‘ನನಗೆ ವೀಜಿಂಗ್ ಇದೆ’ ಎಂದು ಹೇಳಬೇಕು. ಕಣ್ಣಿಗೂ ಉಬ್ಬಸಕ್ಕೂ ಏನು ಸಂಬಂಧ ಎಂದು ಯಾರೂ ಹೇಳುವುದಿಲ್ಲ. ಇಂಥ ಮನೆಗಳಲ್ಲಿ ಎಸ್‌ಎಲ್‌ಟಿ ದೊಡ್ಡ ಅನುಕೂಲ.

ಲೇಸರ್ ಪರ ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಲ್ಲ. ಎಸ್‌ಎಲ್‌ಟಿ ಎಲ್ಲರಿಗೂ ಕೆಲಸ ಮಾಡುವುದಿಲ್ಲ, ಮಾಡಿದರೂ ಕೆಲವು ವರ್ಷಗಳಲ್ಲಿ ಅದರ ಫಲ ಇಳಿಯುತ್ತಾ ಬರುತ್ತದೆ. ದಾರಿ ಮುಚ್ಚಿಹೋದ ಕಣ್ಣಿಗೆ ಇದು ಆಗದು. ಕಾಯಿಲೆ ಬಹಳ ಮುಂದುವರಿದಿದ್ದರೆ ಆಪರೇಷನ್ನೇ ಬೇಕಾಗಬಹುದು. ಐರಿಡಾಟಮಿಯಲ್ಲಿ ಸ್ವಲ್ಪ ರಕ್ತ ಜಿನುಗಬಹುದು, ಕೆಲ ದಿನ ಉರಿ ಇರಬಹುದು, ಅಪರೂಪಕ್ಕೆ ಬೆಳಕಿನ ಗೆರೆಯೊಂದು ಕಣ್ಣಿನಲ್ಲಿ ಓಡಾಡಿದಂತೆ ಕಾಣಬಹುದು.

ಇನ್ನು, ‘ಕೋನ ಕಿರಿದಾಗಿದೆ’ ಎಂದವರಿಗೆಲ್ಲ ಲೇಸರ್ ಬೇಕೇ? ಬೇಕಿಲ್ಲ. ಚೀನಾದ ಗುವಾಂಗ್ಝೌನಲ್ಲಿ ಒತ್ತಡ, ನರ ಎರಡೂ ಸರಿಯಿದ್ದು ಕೋನ ಮಾತ್ರ ಕಿರಿದಾಗಿದ್ದ 889 ಮಂದಿಗೆ ಒಂದು ಕಣ್ಣಿಗೆ ಮಾತ್ರ ಲೇಸರ್ ಮಾಡಿ ಆರು ವರ್ಷ ಕಾದು ನೋಡಿದರು. 2019ರಲ್ಲಿ ಬಂದ ಫಲಿತಾಂಶದಂತೆ ಲೇಸರ್ ಆದ 19 ಕಣ್ಣುಗಳಲ್ಲಿ ತೊಂದರೆ ಬಂತು, ಹಾಗೇ ಬಿಟ್ಟ 36 ಕಣ್ಣುಗಳಲ್ಲಿ ಬಂತು. ಅಪಾಯ ಅರ್ಧಕ್ಕೆ ಇಳಿದದ್ದೇನೋ ನಿಜ. ಆದರೆ ಮೊದಲೇ ಅಪಾಯ ಕಡಿಮೆ ಇತ್ತು. ಹಾಗಾಗಿ ಇಂಥವರು ಡಾಕ್ಟರ ಹತ್ತಿರ ‘ಕಾದು ನೋಡಬಹುದೇ?’ ಎಂದು ಕೇಳುವುದು ತಪ್ಪಲ್ಲ. ನನ್ನನ್ನು ಕೇಳಿದರೆ, ಉತ್ತರ ನೀವು ಎಲ್ಲಿರುತ್ತೀರಿ ಎಂಬುದರ ಮೇಲೂ ನಿಂತಿದೆ. ಆರು ತಿಂಗಳಿಗೊಮ್ಮೆ ತಪ್ಪದೆ ಹೋಗಿ ತೋರಿಸಿಕೊಳ್ಳುವ ಬೆಂಗಳೂರಿನವರ ಲೆಕ್ಕ ಬೇರೆ. ರಾತ್ರಿ ಕಣ್ಣು ಸಿಡಿದರೆ ಕಣ್ಣಾಸ್ಪತ್ರೆಗೆ ಎರಡು ಬಸ್ ಬದಲಾಯಿಸಬೇಕಾದ ಮಲೆನಾಡಿನ ಒಂಟಿಮನೆಯವರ ಲೆಕ್ಕ ಬೇರೆ. ಮನೆಯಲ್ಲಿ ಯಾರಿಗಾದರೂ ಇದು ಬಂದಿದ್ದರೆ, ಸಕ್ಕರೆ ಕಾಯಿಲೆಗಾಗಿ ಪದೇ ಪದೇ ಪಾಪೆ ಅರಳಿಸಿ ನೋಡಿಸಿಕೊಳ್ಳಬೇಕಾದರೆ ಮಾಡಿಸಿಕೊಳ್ಳುವುದೇ ಮೇಲು. ವಯಸ್ಸಾಗಿ ಪೊರೆಯೂ ಬಂದಿದ್ದರೆ ಲೇಸರ್ ಬದಲು ಪೊರೆ ಆಪರೇಷನ್ನೇ ಮಾಡೋಣ ಎಂದು ಡಾಕ್ಟರ್ ಹೇಳಬಹುದು. ಅದೂ ಸರಿಯೇ. ದಪ್ಪಗಿನ ಲೆನ್ಸ್ ತೆಗೆದು ತೆಳುವಾದದ್ದು ಹಾಕಿದರೆ ಒಳಗೆ ಜಾಗವಾಗುತ್ತದೆ.

ಒಪ್ಪಿಕೊಳ್ಳುವ ಮುಂಚೆ ‘ಗೋನಿಯೋಸ್ಕೋಪಿ ಮಾಡಿದ್ದೀರಾ?’ ಎಂದು ಕೇಳಿ. ಕಣ್ಣಿಗೆ ಕನ್ನಡಿಯಿರುವ ಲೆನ್ಸ್ ಇಟ್ಟು ಆ ಕೋನವನ್ನು ನೇರ ನೋಡುವ ಪರೀಕ್ಷೆ ಅದು. ಅದಿಲ್ಲದೆ ದಾರಿ ತೆರೆದಿದೆಯೋ ಮುಚ್ಚಿದೆಯೋ ಖಚಿತವಾಗುವುದಿಲ್ಲ. ಲ್ಯಾಸಿಕ್ ಮಾಡಿಸಿಕೊಂಡವರು ಅದನ್ನೂ ತಿಳಿಸಬೇಕು, ಅವರ ಕಣ್ಣಿನ ಒತ್ತಡ ಯಂತ್ರದಲ್ಲಿ ಇರುವುದಕ್ಕಿಂತ ಕಡಿಮೆ ತೋರುತ್ತದೆ.

ಪೊರೆಯಲ್ಲ ಇದು

ನಮ್ಮ ನಾಡಿನಲ್ಲಿ ಕಣ್ಣಿನ ಚಿಕಿತ್ಸೆ ಎಂದರೆ ಹಿರಿಯರಿಗೆ ನೆನಪಾಗುವುದು ಡಾ. ಎಂ.ಸಿ. ಮೋದಿ ಅವರ ಶಿಬಿರಗಳು. ಊರೂರಿಗೆ ಬಂದು ಸಾವಿರಾರು ಜನರ ಪೊರೆ ತೆಗೆದು ಕಣ್ಣು ಕೊಟ್ಟವರು ಅವರು. ಕುರುಡಾದವರು ಪಟ್ಟಿ ಬಿಚ್ಚಿದ ಕೂಡಲೇ ಮೊಮ್ಮಕ್ಕಳ ಮುಖ ನೋಡಿದ ಕಥೆಗಳನ್ನು ಕೇಳಿ ಬೆಳೆದ ನಮಗೆ ಒಂದು ನಂಬಿಕೆ ಕೂತುಬಿಟ್ಟಿದೆ. ‘ಈಗೇನು ಅವಸರ, ಪೂರಾ ಮಂಜಾದ ಮೇಲೆ ಆಪರೇಷನ್ ಮಾಡಿಸಿದರಾಯ್ತು’ ಅಂತ. ಪೊರೆಗೆ ಈ ಮಾತು ಒಂದು ಮಟ್ಟಿಗೆ ನಡೆದೀತು. ಗ್ಲಾಕೋಮಾಕ್ಕೆ ನಡೆಯದು. ಇದರಲ್ಲಿ ಹೋದ ದೃಷ್ಟಿ ಹೋಯಿತು.

ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ತೀರಿಕೊಂಡಾಗ ಅವರ ನೇತ್ರದಾನದ ಸುದ್ದಿ ಮನೆಮನೆಗೂ ಮುಟ್ಟಿತು, ಎಷ್ಟೋ ಜನ ಹೆಸರು ಬರೆಸಿದರು. ಬಹಳ ಒಳ್ಳೆಯದು. ಆದರೆ ‘ಹೇಗೂ ದಾನದ ಕಣ್ಣು ಸಿಗುತ್ತಲ್ಲ’ ಎಂದು ಗ್ಲಾಕೋಮಾ ಇರುವವರು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ದಾನದ ಕಣ್ಣಿನಿಂದ ಜೋಡಿಸುವುದು ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಮಾತ್ರ. ಹಿಂದಿನ ನರವನ್ನು ಬದಲಾಯಿಸುವ ವಿದ್ಯೆ ಇನ್ನೂ ಯಾರಿಗೂ ಒಲಿದಿಲ್ಲ.

ದೇಶದಲ್ಲಿ ಸುಮಾರು 1.2 ಕೋಟಿ ಮಂದಿಗೆ ಗ್ಲಾಕೋಮಾ ಇದೆ ಎಂಬುದು ತಜ್ಞರ ಅಂದಾಜು. ಆಂಧ್ರ, ತಮಿಳುನಾಡಿನಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಗಳಲ್ಲಿ ಕಾಯಿಲೆಯಿದ್ದ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ತಮಗಿದೆ ಎಂಬುದೇ ಗೊತ್ತಿರಲಿಲ್ಲ. ಅಂಚಿನ ದೃಷ್ಟಿ ಮೊದಲು ಹೋಗುತ್ತದೆ, ನಡುವಿನದು ಕೊನೆಯವರೆಗೂ ಇರುತ್ತದೆ. ಎದುರಿನ ಪೇಪರ್ ಓದಬಲ್ಲವರು ಪಕ್ಕದಿಂದ ಬರುವ ಸ್ಕೂಟರ್ ಕಾಣದೆ ಎಡವುವುದು ಅದಕ್ಕೇ. ‘ಯಾಕೋ ಈಚೆಗೆ ಬಾಗಿಲಿಗೆ ಭುಜ ತಾಗಿಸಿಕೊಳ್ತೀರಿ’ ಎಂದು ಯಜಮಾನರನ್ನು ಛೇಡಿಸುವ ಮುಂಚೆ ಇದನ್ನು ನೆನೆಯಿರಿ.

ಮನೆಗೆ ಬಂದ ಮೇಲೆ

ಲೇಸರ್ ಆದ ದಿನ ಜೊತೆಗೆ ಒಬ್ಬರಿರಲಿ. ಸ್ಕೂಟಿ ಓಡಿಸಿಕೊಂಡು ಬರುವ ಸಾಹಸ ಬೇಡ. ಮರುದಿನದಿಂದ ಅಡುಗೆ, ಟಿವಿ, ಓದು ಎಲ್ಲ ಮಾಡಬಹುದು. ಬದನೆಕಾಯಿ ಬಿಡಬೇಕೇ, ಹುಳಿ ತಿನ್ನಬಹುದೇ ಎಂದು ಕೇಳುತ್ತೀರಿ. ಪಥ್ಯ ಏನೂ ಇಲ್ಲ. ಹೊರಗೆ ಗಾಯವಾಗಿರುವುದಿಲ್ಲವಾದ್ದರಿಂದ ಸ್ನಾನಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಉರಿಗೆಂದು ಕೆಲವು ದಿನಕ್ಕೆ ಡ್ರಾಪ್ಸ್ ಕೊಟ್ಟಿರುತ್ತಾರೆ. ಎಷ್ಟು ದಿನ ಎಂದಿದ್ದಾರೋ ಅಷ್ಟೇ ದಿನ ಹಾಕಿ. ಅದರಲ್ಲಿ ಹೆಚ್ಚಾಗಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಅದೇ ಕಣ್ಣಿನ ಒತ್ತಡ ಏರಿಸುತ್ತದೆ! ಅಮ್ಮಂದಿರಿಗೆ ವಿಶೇಷವಾಗಿ ಹೇಳಬೇಕು, ಮಕ್ಕಳ ಕಣ್ಣು ತುರಿಕೆಗೆ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಪದೇ ಪದೇ ಇಂಥ ಡ್ರಾಪ್ಸ್ ತರಿಸಿ ಹಾಕಬೇಡಿ. ಆ ತಂಪಿನ ಹಿಂದೆ ಎಷ್ಟೋ ಎಳೆಯ ಕಣ್ಣುಗಳು ಕೆಟ್ಟಿವೆ. ನಂದಿಬಟ್ಟಲಿನ ರಸ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಇವೂ ಕಣ್ಣಿನೊಳಗೆ ಬೇಡ. ಒಳಗಿನ ಒತ್ತಡಕ್ಕೆ ಇವುಗಳಿಂದ ಏನೂ ಆಗುವುದಿಲ್ಲ, ಸೋಂಕು ಮಾತ್ರ ಆದೀತು.

ಯೋಗ ಮಾಡುವವರು ಶೀರ್ಷಾಸನ ಬಿಡಿ. ತಲೆಕೆಳಗಾಗಿ ನಿಂತಾಗ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟು ಆಗುತ್ತದೆಂದು ಅಳೆದು ನೋಡಿದ್ದಾರೆ. ಪ್ರಾಣಾಯಾಮ, ನಡಿಗೆಗೆ ತೊಂದರೆಯಿಲ್ಲ. ಬೆಳಗ್ಗೆ ಎದ್ದ ಕೂಡಲೇ ಒಂದು ಲೀಟರ್ ನೀರು ಗಟಗಟ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿ ಕುಡಿಯಿರಿ. ಒಮ್ಮೆಲೇ ಅಷ್ಟು ನೀರು ಹೋದರೂ ಕಣ್ಣಿನ ಒತ್ತಡ ಏರುತ್ತದೆ. ಕೋನ ಕಿರಿದು ಎಂದು ಹೇಳಿ ಇನ್ನೂ ಲೇಸರ್ ಆಗದವರು ನೆಗಡಿ ಮಾತ್ರೆ, ಹೊಟ್ಟೆ ನುಲಿತದ ಮಾತ್ರೆ ತೆಗೆದುಕೊಳ್ಳುವ ಮುಂಚೆ ಕೇಳಿಕೊಳ್ಳಬೇಕು. ಅವುಗಳಲ್ಲಿ ಕೆಲವು ಪಾಪೆಯನ್ನು ಅರಳಿಸಿ ದಾರಿ ಮುಚ್ಚಿಸಬಲ್ಲವು.

ಖರ್ಚಿನ ಮಾತಿಗೆ ಬಂದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ವ್ಯತ್ಯಾಸ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಮೊದಲು ವಿಚಾರಿಸಿ. ಆರೋಗ್ಯ ವಿಮೆ ಇದ್ದರೆ, ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗದೆ ಮಾಡುವ ಚಿಕಿತ್ಸೆಗೆ ಹಣ ಕೊಡುತ್ತಾರೆಯೇ ಎಂದು ಲೇಸರ್‌ಗೆ ಮುಂಚೆಯೇ ಕೇಳಿಕೊಳ್ಳಿ, ಆಮೇಲಲ್ಲ.

ಲೇಸರ್ ಆಯಿತೆಂದು ಫೈಲನ್ನು ಅಟ್ಟಕ್ಕೆ ಹಾಕುವ ಹಾಗಿಲ್ಲ. ಒತ್ತಡ ಮತ್ತೆ ಏರಿದರೆ ನಿಮಗೆ ತಿಳಿಯುವುದಿಲ್ಲ, ಯಂತ್ರಕ್ಕೆ ಮಾತ್ರ ತಿಳಿಯುತ್ತದೆ. ಡಾಕ್ಟರ್ ಹೇಳಿದ ತಿಂಗಳನ್ನು ಕ್ಯಾಲೆಂಡರಿನಲ್ಲಿ ಹಬ್ಬ, ಗ್ಯಾಸ್ ಬುಕಿಂಗ್ ಗುರುತು ಹಾಕುವ ಹಾಗೆ ಗುರುತು ಹಾಕಿ. ಹಳೆಯ ಫೀಲ್ಡ್ ಟೆಸ್ಟ್ ಚಿತ್ರಗಳನ್ನು ಒಂದೂ ಕಳೆಯದೆ ಇಡಿ. ಹೋದ ವರ್ಷದ್ದನ್ನು ಈ ವರ್ಷದ್ದರ ಪಕ್ಕ ಇಟ್ಟು ನೋಡಿದರೇ ಡಾಕ್ಟರಿಗೆ ಕಾಯಿಲೆ ನಿಂತಿದೆಯೋ ನಡೆಯುತ್ತಿದೆಯೋ ಗೊತ್ತಾಗುವುದು. ಮತ್ತು ಅಂದೇ ಸಂಜೆ ನಿಮ್ಮ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಒಂದೊಂದು ಫೋನ್ ಮಾಡಿ. ಒಡಹುಟ್ಟಿದವರಿಗೆ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಹಲವು ಪಟ್ಟು ಹೆಚ್ಚು. 40 ದಾಟಿದವರು ಕನ್ನಡಕದಂಗಡಿಯ ನಂಬರ್ ಪರೀಕ್ಷೆಗೆ ನಿಲ್ಲದೆ, ಕಣ್ಣಿನ ಡಾಕ್ಟರ ಹತ್ತಿರ ಒತ್ತಡ, ನರ, ಕೋನ ಮೂರನ್ನೂ ನೋಡಿಸಿಕೊಳ್ಳಲಿ. ದೂರದೂರಿನಲ್ಲಿರುವ ಅಕ್ಕ ‘ನನಗೇನಾಗಿದೆ, ಸೂಜಿಗೆ ದಾರ ಪೋಣಿಸ್ತೀನಿ’ ಎಂದರೆ, ಮುಂದಿನ ಸಲ ಅವರು ನಿಮ್ಮ ಮನೆಗೆ ಬಂದಾಗ ನೀವು ಹೋಗುವ ದಿನಕ್ಕೇ ಅವರ ಹೆಸರನ್ನೂ ಬರೆಸಿಬಿಡಿ.